ಪೋಲೆಂಡ್ ಕಡುಬಿನ ಮಳೆಗಾಲ

ಹೋದ ಭಾನುವಾರ ನೀವಿಬ್ಬರೂ ಹಟ ಹಿಡಿದು ನನ್ನನ್ನು ಶಿವಮೊಗ್ಗದ ಆ ಹೊಸ ಹೋಟೆಲಿಗೆ ಕರೆದುಕೊಂಡು ಹೋದಿರಿ. ಅನ್ವಿ ಪಟ್ಟಿ ಓದಿ, "ಅಜ್ಜೀ, ಇದು ನಿಂಗೆ ಇಷ್ಟ ಆಗತ್ತೆ, ಕಡುಬಿನ ಥರಾನೇ ಇರತ್ತೆ" ಎಂದು ತರಿಸಿದಳು. ತಟ್ಟೆ ಬಂತು. ಅರ್ಧ ಚಂದ್ರನ ಹಾಗೆ ಮಡಚಿದ ಬಿಳಿ ಕಡುಬು, ಮೇಲೆ ಬೆಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. "ಅಜ್ಜಿಗೆ ಹೊರಗಿನದು ಆಗಲ್ಲ, ಬಿಡ್ರೋ" ಎಂದು ನಿಮ್ಮಮ್ಮ ಹೇಳಿದ್ದು ಕೇಳಿಸಿತು. ತೇಜಸ್ ಮುಖ ಸಣ್ಣದು ಮಾಡಿಕೊಂಡು ನನ್ನ ಪಕ್ಕ ಬಂದು ಕುಳಿತ.

ನನಗೆ ಹೊರಗಿನದು ಆಗುತ್ತದೆ ಮಕ್ಕಳೇ. ಆ ಕಡುಬಿಗೆ ಹಿಟ್ಟು ಎಷ್ಟು ನಾದಬೇಕು, ನೀರಿನಲ್ಲಿ ಎಷ್ಟು ಹೊತ್ತು ಬೇಯಬೇಕು ಎನ್ನುವುದು ಆ ಹೋಟೆಲಿನವರಿಗಿಂತ ನನಗೆ ಚೆನ್ನಾಗಿ ಗೊತ್ತು. ನಿಮ್ಮಮ್ಮನಿಗೆ ಈ ಕಥೆಯ ಅರ್ಧ ಗೊತ್ತು. ಇನ್ನರ್ಧ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಮೊದಲಿನಿಂದಲೂ ನಾನು ಹಾಗೆಯೇ, ನಾಲ್ಕು ಜನ ಇದ್ದಲ್ಲಿ ಗಂಟಲು ಕಟ್ಟುತ್ತದೆ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಮಾತ್ರ ಕೈಬಿಟ್ಟಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಜ್ಜ ತೀರಿಕೊಂಡ ವರ್ಷ ಅದು. ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸ್ ಬಿಟ್ಟುಕೊಡಬೇಕಾಯಿತು. ನಾನೂ ನಿಮ್ಮಮ್ಮ ಸುಧಾಳೂ ಓಲ್ಡ್ ಟೌನಿನಲ್ಲಿದ್ದ ಭಾವನವರ ಮನೆಯ ಹಿಂಬದಿಯ ಕೋಣೆಗೆ ಬಂದೆವು. ಭಾವ ಒಳ್ಳೆಯವರು, ಮಾತಾಡದಷ್ಟು ಒಳ್ಳೆಯವರು. ಮನೆ ನಡೆಸುತ್ತಿದ್ದವಳು ಓರಗಿತ್ತಿ ಸರೋಜಕ್ಕ. ಊಟಕ್ಕೆ ಕುಳಿತರೆ ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. "ಗಂಡ ಹೋದ ಮೇಲೂ ಇಷ್ಟು ಅನ್ನ ಸೇರತ್ತಲ್ಲ ನಿಂಗೆ ನಾಗವೇಣಿ. ನಂಗಾದ್ರೆ ಗಂಟಲಲ್ಲಿ ಇಳೀತಿರ್ಲಿಲ್ಲಪ್ಪ" ಎಂದು ನಗುನಗುತ್ತಲೇ ಹೇಳುವಳು. ಅವಳ ನಗುವಿಗೆ ಮನೆಮಂದಿಯೆಲ್ಲ ನಗುವರು. ನಾನು ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟೆ. ಸುಧಾ ಬಿ.ಎಡ್. ಓದುತ್ತಿದ್ದಳು, ಅವಳಿಗೆ ಗಂಡು ನೋಡುವ ಮಾತು ಆಗಲೇ ಶುರುವಾಗಿತ್ತು.

ಆಷಾಢದ ಜಡಿಮಳೆಯಲ್ಲಿ ಒಂದು ಬೆಳಿಗ್ಗೆ ಸೊಪ್ಪು ತರಲು ಓಲ್ಡ್ ಟೌನ್ ಮಾರ್ಕೆಟ್ಟಿಗೆ ಹೋಗಿದ್ದೆ. ಕೆಂಪು ರೇನ್‌ಕೋಟು ಹಾಕಿದ್ದ ಒಬ್ಬ ಬಿಳಿ ಹೆಂಗಸು ಸೊಪ್ಪಿನವನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಸಬ್ಬಸಿಗೆಯ ಕಟ್ಟುಗಳನ್ನು ಒಂದೊಂದಾಗಿ ಮೂಸಿ ನೋಡುತ್ತಿದ್ದಳು.

"ಪೂರಾ ಕೊಡು. ಎಲ್ಲ ಬೇಕು."

"ಇಷ್ಟೂ ಯಾಕಮ್ಮ? ದನಕ್ಕೆ ಹಾಕ್ತೀಯಾ?"

"ಇಲ್ಲ ಮಾರಾಯ, ನಾನೇ ತಿನ್ತೀನಿ. ನಾನೂ ದೊಡ್ಡ ದನ."

ಸುತ್ತಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು, ಅವರಿಗಿಂತ ಜೋರಾಗಿ. ಕೊನೆಯ ಕಟ್ಟು ನನ್ನ ಕೈಯಲ್ಲಿತ್ತು. ಅವಳು ಅದನ್ನು ನೋಡಿ, ನನ್ನನ್ನು ನೋಡಿ, "ನೀನು ಇದರಲ್ಲಿ ಏನು ಮಾಡ್ತಿ?" ಎಂದಳು. ಅಕ್ಕಿರೊಟ್ಟಿ ಎಂದೆ. "ಕಡುಬು ಬರತ್ತಾ ನಿಂಗೆ? ಕರ್ಜಿಕಾಯಿ? ಹೀಗೆ ಅಂಚು ಮಡಚೋದು?" ಎಂದು ಗಾಳಿಯಲ್ಲಿ ಬೆರಳು ಆಡಿಸಿ ತೋರಿಸಿದಳು. ಬರುತ್ತದೆ ಎಂದೆ. ಆ ದಿನ ನಾನು ಸುಮ್ಮನೆ ಮನೆಗೆ ಬಂದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಅವಳ ಹೆಸರು ಹಲೀನಾ. ಪೋಲೆಂಡಿನವಳು. ಓಲ್ಡ್ ಟೌನಿನ ಶೇಖರ ಅಲ್ಲಿ ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದಾಗ ಅವಳನ್ನು ಮದುವೆಯಾಗಿದ್ದ. ಅವನ ತಾಯಿ ಕಾವೇರಮ್ಮನಿಗೆ ಲಕ್ವ ಹೊಡೆದು ಮಲಗಿದಲ್ಲೇ ಆದ ಮೇಲೆ ಇಬ್ಬರೂ ಭದ್ರಾವತಿಗೆ ಬಂದಿದ್ದರು. ಕಾವೇರಮ್ಮ ಸೊಸೆಗೆ ಹಾಕಿದ್ದು ಒಂದೇ ಷರತ್ತು. "ನೀನು ಕೈಯಿಟ್ಟ ಅಡುಗೆಮನೆಗೆ ಮಾಂಸ, ಕೊಬ್ಬು ಬರಬಾರದು. ಬರಲ್ಲ ಅಂದ್ರೆ ನಿನ್ನ ಕೈಯಲ್ಲಿ ಉಣ್ತೀನಿ. ಬಂತೋ, ಆ ದಿನದಿಂದ ಬಾಯಿ ತೆರೆಯಲ್ಲ." ಹಲೀನಾ ಅತ್ತೆಯ ಪಾದ ಮುಟ್ಟಿ ಒಪ್ಪಿಕೊಂಡಿದ್ದಳು. ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು ಅವಳೇ ಚಮಚದಲ್ಲಿ ತಿನ್ನಿಸುತ್ತಿದ್ದಳು. ಕೇರಿಯವರು ಮೊದಮೊದಲು ಅದನ್ನು ನೋಡಲು ಹೋಗುತ್ತಿದ್ದರು.

ಜೀವನಕ್ಕೆಂದು ಗಂಡಹೆಂಡತಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಹೋಟೆಲು ತೆರೆದರು. ಆರು ಮೇಜು. ಬಾಗಿಲ ಪಕ್ಕದ ಕಪಾಟಿನಲ್ಲಿ ಮಾರಾಟದ ಸೀಸೆಗಳು: ಉಪ್ಪುನೀರಿನಲ್ಲಿ ಸಬ್ಬಸಿಗೆ ಹೂವಿನ ಜೊತೆ ಹಾಕಿದ ಎಳೆ ಸೌತೆಕಾಯಿ, ಹುಳಿ ಬರಿಸಿದ ಕೋಸು, ಗಸಗಸೆ ತುಂಬಿದ ಸುರುಳಿ ಕೇಕು. ಹೊರಗೆ 'ಪೋಲೆಂಡ್ ಊಟದ ಮನೆ, ಶುದ್ಧ ಸಸ್ಯಾಹಾರಿ' ಎಂಬ ಹಸಿರು ಬೋರ್ಡು.

ನಾನು ಅಲ್ಲಿ ಕಡುಬು ಮಡಚಲು ಸೇರಿಕೊಂಡೆ. ಮನೆಯಲ್ಲಿ ಹೇಳಲಿಲ್ಲ. ಶಿವಮೊಗ್ಗದ ಸೀರೆ ಅಂಗಡಿಗೆ ಫಾಲ್ ಹಚ್ಚುವ ಕೆಲಸಕ್ಕೆ ಹೋಗುತ್ತೇನೆ ಎಂದೆ. ಮದುವೆಗೆ ಬಂದ ಹುಡುಗಿಯ ತಾಯಿ, ಅದೂ ಗಂಡ ಸತ್ತವಳು, ಪರದೇಶದವಳ ಹೋಟೆಲಿನಲ್ಲಿ ಹಿಟ್ಟು ನಾದುತ್ತಾಳೆ ಎಂದರೆ ನಮ್ಮವರಲ್ಲಿ ಯಾರು ಹೆಣ್ಣು ಕೇಳಿಕೊಂಡು ಬರುತ್ತಾರೆ? ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ಐದರ ಬಸ್ಸಿಗೆ ಬರುತ್ತಿದ್ದೆ. ಕೈಚೀಲದಲ್ಲಿ ತೋರಿಕೆಗೆ ಸೂಜಿದಾರ ಇರುತ್ತಿತ್ತು.

ಮೊದಲ ದಿನವೇ ಹಲೀನಾ ಕುದಿಯುವ ಹಾಲಿಗೆ ನಿಂಬೆಹಣ್ಣು ಹಿಂಡಿದಳು. ನಾನು "ಅಯ್ಯೋ!" ಎಂದು ಕಿರುಚಿಬಿಟ್ಟೆ. ಹಾಲು ತಾನಾಗಿ ಒಡೆದರೇ ಮನೆಗೆ ಕೇಡು ಎನ್ನುವ ನಮ್ಮ ಕಡೆ, ಯಾರಾದರೂ ಬೇಕೆಂದೇ ಒಡೆಸುತ್ತಾರೆಯೇ? ನಾನು ಒಲೆಗೆ ಕೈಮುಗಿದದ್ದನ್ನು ನೋಡಿ ಅವಳೂ ಕೈಮುಗಿದಳು. ಒಡೆದ ಹಾಲನ್ನು ಬಟ್ಟೆಯಲ್ಲಿ ಕಟ್ಟಿ, ನೀರು ಇಳಿಸಿ, ಬೇಯಿಸಿದ ಆಲೂಗಡ್ಡೆಯ ಜೊತೆ ಕಿವುಚಿ ಹೂರಣ ಮಾಡಿದಳು. ಮೈದಾಹಿಟ್ಟು ಲಟ್ಟಿಸಿ, ಸ್ಟೀಲ್ ಲೋಟದ ಬಾಯಿಂದ ಬಿಲ್ಲೆ ಒತ್ತಿ, ಹೂರಣವಿಟ್ಟು ಅಂಚನ್ನು ಚಪ್ಪಟೆಯಾಗಿ ಒತ್ತಿದಳು. ನಾನು ಒಂದನ್ನು ತೆಗೆದುಕೊಂಡು ನಮ್ಮ ಕರ್ಜಿಕಾಯಿಗೆ ಮಡಚುವ ಹಾಗೆ ಜಡೆ ಹೆಣೆದೆ. ಅವಳು ಅದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ನನ್ನ ಅಜ್ಜಿ ಹೀಗೆ ಮಾಡ್ತಿದ್ದಳು. ನಂಗೆ ಬರಲಿಲ್ಲ. ನೀನು ಯಾರ ಹತ್ರ ಕಲಿತೆ ವೇಣಿ?"

"ನಮ್ಮಜ್ಜಿ ಹತ್ರ."

"ಹಾಗಾದ್ರೆ ಅವರಿಬ್ಬರೂ ಮಾತಾಡ್ಕೊಂಡಿದಾರೆ ಬಿಡು."

ಮಧ್ಯಾಹ್ನ ಗಿರಾಕಿಗಳು ಮುಗಿದ ಮೇಲೆ ಅವಳು ನನಗೆ ತಟ್ಟೆ ಹಾಕಿ, ಎದುರು ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದಳು. "ಇನ್ನೊಂದು ತಿನ್ನು. ಇನ್ನೊಂದು. ನಿನ್ನ ಕೈ ನೋಡು, ಕೋಳಿ ಕಾಲು." ಶ್ರಾವಣದಲ್ಲಿ ನಮ್ಮ ಮನೆಯೊಳಗೆ ಈರುಳ್ಳಿ ಬರುವಂತಿಲ್ಲ. ನಾನು ಅಲ್ಲಿ ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ಜೊತೆ ಹತ್ತು ಹತ್ತು ಕಡುಬು ತಿಂದೆ. ಆ ಮಳೆಗಾಲದಲ್ಲಿ ನಾನು ಹೊಟ್ಟೆ ತುಂಬ ಉಂಡದ್ದು ಅವಳ ಕೈಯಲ್ಲಿ ಮಾತ್ರ.

ಜನ ಬಂದರು. ಉಣ್ಣುವುದಕ್ಕೆ ಬಂದವರಿಗಿಂತ ನೋಡುವುದಕ್ಕೆ ಬಂದವರೇ ಹೆಚ್ಚು. ತ್ಯಾವರೆಕೊಪ್ಪದಲ್ಲಿ ಹುಲಿ ಸಿಂಹ ನೋಡಿದವರು ವಾಪಸು ಹೋಗುವಾಗ ದುರ್ಗಿಗುಡಿಗೆ ಬಂದು ಇವಳನ್ನು ನೋಡುತ್ತಿದ್ದರು. "ಅಲ್ಲಿ ಟಿಕೆಟ್ ತಗೋಬೇಕು ಮಾರಾಯ, ಇಲ್ಲಿ ಫ್ರೀ" ಎಂದು ಒಬ್ಬ, "ಅಲ್ಲಿ ಜಾಲರಿ ಇದೆ, ಇಲ್ಲಿ ಅದೂ ಇಲ್ಲ" ಎಂದು ಇನ್ನೊಬ್ಬ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹೇಳುತ್ತಿದ್ದರು. ಬೀಟ್‌ರೂಟ್ ಸಾರು ತಂದಿಟ್ಟರೆ, "ಇದೇನು, ಯಾರನ್ನ ಕಡಿದ್ರಿ?" ಎನ್ನುವರು. ಅವಳು ಎಲ್ಲರನ್ನೂ ನೀನು ಎಂದೇ ಕರೆಯುತ್ತಿದ್ದಳು, ಬ್ಯಾಂಕಿನ ಮ್ಯಾನೇಜರನ್ನೂ. "ನಿಂಗೆ ಇನ್ನೂ ಹಾಕ್ಲಾ?" ಎಂದು ಅವಳು ಕೇಳಿದಾಗ ಮೇಜಿನವರೆಲ್ಲ ಮೊಣಕೈಯಿಂದ ತಿವಿದುಕೊಂಡು ನಗುವರು. ನಾನು ಅಡುಗೆಮನೆಯ ಪರದೆಯ ಹಿಂದಿನಿಂದ ನೋಡುತ್ತಿದ್ದೆ. ಒಮ್ಮೊಮ್ಮೆ ನಾನೂ ನಕ್ಕಿದ್ದೇನೆ. ಅದನ್ನೂ ಬರೆದುಬಿಡಬೇಕು.

ಆದರೂ ಹೋಟೆಲು ಹಿಡಿಯಿತು. ಭಾನುವಾರ ಸಂಸಾರ ಕಟ್ಟಿಕೊಂಡು ಬರುವವರು ಶುರುವಾದರು. 'ಪೋಲೆಂಡ್ ಕಡುಬು' ಎಂಬ ಹೆಸರು ಬಿತ್ತು. ಸೌತೆಕಾಯಿ ಸೀಸೆಗಳು ಭದ್ರಾವತಿಯ ಬೇಕರಿಗಳಿಗೂ ಹೋದವು. ಕಾವೇರಮ್ಮ ಮಂಚದಿಂದಲೇ ಕೇರಿಯವರಿಗೆ, "ನನ್ನ ಸೊಸೆ ಶಿವಮೊಗ್ಗಕ್ಕೆಲ್ಲ ಊಟ ಹಾಕ್ತಾಳೆ" ಎನ್ನುತ್ತಿದ್ದರಂತೆ.

ಸುಧಾಳನ್ನು ನೋಡಲು ಶಿವಮೊಗ್ಗದಿಂದ ಗಂಡಿನವರು ಬಂದದ್ದು ಅದೇ ಶ್ರಾವಣದಲ್ಲಿ. ಗಂಡಿನ ತಂದೆ, ಅಂದರೆ ನಿಮ್ಮ ಇನ್ನೊಬ್ಬ ತಾತ, ನೇಮನಿಷ್ಠೆಯ ಮನುಷ್ಯ. ಈಗ ಅವರಿಲ್ಲ. ನಮ್ಮ ಮನೆಯ ನೀರು ಕುಡಿಯುವ ಮೊದಲು ಅದು ಬಾವಿಯದೋ ನಲ್ಲಿಯದೋ ಎಂದು ವಿಚಾರಿಸಿದ್ದರು. ಹುಡುಗಿ ಒಪ್ಪಿಗೆ ಎಂದು ನಾಲ್ಕು ದಿನದಲ್ಲಿ ಹೇಳಿಕಳಿಸಿದರು.

ಹೇಳಿಕಳಿಸಿದ ದಿನವೇ ನಾನು ಕೆಟ್ಟೆ. ಸಂಜೆ ಬಸ್ಸಿಳಿದು ಮನೆಗೆ ಬಂದೆ. ಮಳೆಯಲ್ಲಿ ನೆಂದ ಸೀರೆಯಿಂದ ವಾಸನೆ ಏಳುತ್ತಿತ್ತು. ಸರೋಜಕ್ಕ ಹಜಾರದಲ್ಲಿ ನನ್ನ ಸೆರಗು ಹಿಡಿದು ಮೂಗಿಗೆ ಒಯ್ದಳು.

"ಏನೇ ಇದು? ಶ್ರಾವಣ ಸೋಮವಾರ ಈರುಳ್ಳಿ ವಾಸನೆ! ಅದರ ಜೊತೆ ಇನ್ನೇನೋ ಜಿಡ್ಡು. ಎಲ್ಲಿಗೆ ಹೋಗಿದ್ದೆ ಹೇಳು."

ಭಾವ ಪೇಪರಿನಿಂದ ತಲೆ ಎತ್ತಿದರು. ಸುಧಾ ಬಾಗಿಲಲ್ಲಿ ನಿಂತಿದ್ದಳು. ಬಾಯಿಗೆ ಬಂದದ್ದನ್ನು ಹೇಳಿದೆ.

"ಅಂಗಡಿ ಪಕ್ಕದಲ್ಲೇ ಆ ಬಿಳಿ ಹೆಂಗಸಿನ ಹೋಟೆಲ್ ಅಲ್ವಾ ಅಕ್ಕ. ಅಲ್ಲಿ ಏನೋ ಕೊಬ್ಬು ಕರಗಿಸ್ತಾರೆ. ಆ ಹೊಗೆ ಸೀರೆಗೆಲ್ಲ ಹತ್ತತ್ತೆ."

"ಕೊಬ್ಬಾ? ಯಾವುದರ ಕೊಬ್ಬು?"

"ನಂಗೇನು ಗೊತ್ತು. ಬೆಳ್ಳಗಿರತ್ತೆ."

ಅದು ಬೆಣ್ಣೆ. ಓಲ್ಡ್ ಟೌನಿನ ಹಾಲಿನ ಗಂಗಮ್ಮ ಕಡೆದು ಕೊಡುತ್ತಿದ್ದ ಬೆಣ್ಣೆ. ಬೆಳಿಗ್ಗೆ ನಾನೇ ಬಾಳೆಎಲೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಒಯ್ಯುತ್ತಿದ್ದೆ.

ಸರೋಜಕ್ಕ ನನ್ನ ಸೆರಗು ಬಿಟ್ಟಳು. ನಾನು ಬಚಾವಾದೆ ಎಂದುಕೊಂಡು ಸ್ನಾನಕ್ಕೆ ಹೋದೆ. ನನ್ನ ತಲೆಗೆ ನೀರು ಬೀಳುವಷ್ಟರಲ್ಲಿ ಅವಳು ಪಕ್ಕದ ಮನೆಯ ಕಾಂಪೌಂಡಿನ ಹತ್ತಿರ ನಿಂತಿದ್ದಳು. ಮರುದಿನ ನಲ್ಲಿಯ ಹತ್ತಿರ ಅದು ಹಂದಿ ಕೊಬ್ಬಾಗಿತ್ತು. ವಾರದೊಳಗೆ ಶಿವಮೊಗ್ಗದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸು ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಕಡುಬು ಬೇಯಿಸೋ ನೀರಿಗೇ ಹಾಕ್ತಾರಂತೆ ಕಣೇ. ಅಲ್ಲಿ ಕೆಲಸ ಮಾಡೋಳೇ ಕಣ್ಣಾರೆ ಕಂಡಿದ್ದಂತೆ." ನನ್ನ ಮಾತು ಊರೆಲ್ಲ ಸುತ್ತಿ ಸಾಕ್ಷಿ ಸಮೇತ ನನ್ನ ಹತ್ತಿರವೇ ಬಂದಿತ್ತು. ಹುಳಿ ಕೋಸಿನ ಸೀಸೆ ತೆರೆದಾಗ ಬರುವ ನಾತವನ್ನೇ ಜನ ರುಜುವಾತು ಎಂದರು.

ಭಾನುವಾರದ ಸಂಸಾರಗಳು ನಿಂತವು. ಬೇಕರಿಯವರು ಸೀಸೆಗಳನ್ನು ಹಿಂದಕ್ಕೆ ಕಳಿಸಿದರು. ಶೇಖರ ಹಸಿರು ಬೋರ್ಡಿನ ಕೆಳಗೆ 'ಬೆಣ್ಣೆಯಲ್ಲಿ ಮಾತ್ರ ತಯಾರಿಸಲಾಗುವುದು' ಎಂದು ಬರೆಸಿದ. ಯಾರೋ ಅದರ ಮೇಲೆ ಇದ್ದಲಲ್ಲಿ ಹಂದಿಯ ಚಿತ್ರ ಬರೆದರು. ಹಲೀನಾ ಸ್ಟೂಲು ಹತ್ತಿ ಅದನ್ನು ಒರೆಸುತ್ತ, "ನೋಡು ವೇಣಿ, ಬಾಲ ಎಷ್ಟು ಚೆಂದ ಬರೆದಿದಾನೆ" ಎಂದಳು. ನಾನು ಸ್ಟೂಲು ಹಿಡಿದುಕೊಂಡು ನಿಂತಿದ್ದೆ. ಅವಳಿಗೆ ಅವತ್ತೇ ಹೇಳಬಹುದಿತ್ತು.

"ಅತ್ತೆ ಕಿವಿಗೆ ಬೀಳದಿದ್ರೆ ಸಾಕು. ಹೋಟೆಲ್ ಹೋದ್ರೆ ಹೋಗ್ಲಿ" ಎಂದಳು ಇಳಿಯುತ್ತ.

ಗಣೇಶನ ಹಬ್ಬ ಮುಗಿದ ವಾರ. ಮಧ್ಯಾಹ್ನ ಹನ್ನೆರಡರ ಹೊತ್ತು, ಹೊರಗೆ ಗಲಾಟೆ ಕೇಳಿಸಿತು. ದುರ್ಗಿಗುಡಿಯ ಏಳೆಂಟು ಜನ ಒಳಗೆ ಬಂದು, ಊಟ ಬೇಡ, ಅಡುಗೆಮನೆ ನೋಡಬೇಕು ಎನ್ನುತ್ತಿದ್ದರು. ಶೇಖರ ನೆಲ ನೋಡುತ್ತಿದ್ದ. ಹಲೀನಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ನಾನು ಹೇಳಿದ್ರೆ ನೀನು ನಂಬಲ್ಲ. ನಾನು ಬಿಳಿ. ನಿಮ್ಮ ಊರಿನವಳೇ ನನ್ನ ಅಡುಗೆಮನೆಯಲ್ಲಿ ಇದಾಳೆ. ಅವಳನ್ನ ಕೇಳು. ವೇಣಿ, ಬಾ ಇಲ್ಲಿ!"

ಅವಳ ದನಿಯಲ್ಲಿ ಎಷ್ಟು ಧೈರ್ಯವಿತ್ತು ಎಂದರೆ, ನಾನು ಏನೂ ಯೋಚಿಸದೆ ಪರದೆ ಸರಿಸಿ ಹೊರಗೆ ಬಂದುಬಿಟ್ಟೆ. ಬಂದ ಮೇಲೆ ನೋಡಿದೆ. ಆ ಗುಂಪಿನ ಮುಂದೆ ನಿಂತಿದ್ದವರು ನಿಮ್ಮ ತಾತ.

"ನೀವಾ! ಭದ್ರಾವತಿಯವರಲ್ವಾ? ನೀವೇನು ಇಲ್ಲಿ?"

ನನ್ನ ಎರಡೂ ಕೈ ಹಿಟ್ಟಾಗಿತ್ತು. ಸೆರಗಿನೊಳಗೆ ಮುಚ್ಚಿಕೊಂಡೆ.

"ಸೀರೆ ಕೊಡಕ್ಕೆ ಬಂದಿದ್ದೆ. ಫಾಲ್ ಹಚ್ಚಿದ್ದು."

ಹಲೀನಾ ನನ್ನ ಕಡೆ ತಿರುಗಿದಳು. ನಾನು ಅವಳನ್ನು ನೋಡಲಿಲ್ಲ, ಅವಳ ಚಪ್ಪಲಿ ನೋಡಿದೆ.

"ಹಾಗೋ" ಎಂದರು ನಿಮ್ಮ ತಾತ. ಅವರು ಒರಟಾಗಿ ಕೇಳಲಿಲ್ಲ, ಮರ್ಯಾದೆಯಿಂದಲೇ ಕೇಳಿದರು. "ಬಂದುಹೋಗೋರು ನೀವು, ಕಂಡಿರ್ತೀರಿ. ಒಳಗೆ ಏನು ಹಾಕ್ತಾರೆ ಇವ್ರು?"

"ನಂಗೊತ್ತಿಲ್ಲ. ನಾನು ಇಲ್ಲಿ ನೀರೂ ಕುಡಿಯಲ್ಲ."

ಜೀವಮಾನದಲ್ಲಿ ಅಷ್ಟು ಜನ ಗಂಡಸರ ಮುಂದೆ ನಾನು ಮಾತಾಡಿದ್ದು ಅದೇ ಮೊದಲು. ದನಿ ನಡುಗಲಿಲ್ಲ. ಗಂಟಲು ಕಟ್ಟಲಿಲ್ಲ. ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ ಬಂತು.

"ಕೇಳಿದ್ರಲ್ಲ" ಎಂದು ಯಾರೋ ಅಂದರು. ಬೇರೇನೂ ಬೇಕಾಗಲಿಲ್ಲ, ಅಡುಗೆಮನೆಯೊಳಗೆ ಯಾರೂ ಹೋಗಲೂ ಇಲ್ಲ. ಕಪಾಟಿನ ಸೀಸೆಗಳನ್ನು ಒಬ್ಬ ಕೋಲಿನಿಂದ ಎಳೆದು ಕೆಡವಿದ. ಉಪ್ಪುನೀರು ನನ್ನ ಕಾಲಿನವರೆಗೆ ಹರಿದು ಬಂತು. ನಾನು ಮುಂಬಾಗಿಲಿನಿಂದ ಹೊರಗೆ ನಡೆದೆ. ನನ್ನ ಚಪ್ಪಲಿ ಹಿಂಬಾಗಿಲಲ್ಲಿತ್ತು. ಫಾಲ್ ಹಚ್ಚುವವಳು ಹಿಂಬಾಗಿಲಲ್ಲಿ ಯಾಕೆ ಚಪ್ಪಲಿ ಬಿಡುತ್ತಾಳೆ? ಬಸ್ ಸ್ಟ್ಯಾಂಡಿನವರೆಗೆ ಬರಿಗಾಲಲ್ಲಿ, ಮಳೆಯಲ್ಲಿ ಹೋದೆ.

ಎರಡು ದಿನ ಬಿಟ್ಟು ಶೇಖರ ನಮ್ಮ ಗೇಟಿನ ಹತ್ತಿರ ಬಂದು ಸರೋಜಕ್ಕನ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟ. "ಸೀರೆ ಅಂಗಡಿಯವರು ಕಳ್ಸಿದಾರೆ. ಇವರ ಚಪ್ಪಲಿ ಅಲ್ಲೇ ಬಿಟ್ಟಿದ್ರಂತೆ" ಎಂದ. ನನ್ನ ಸುಳ್ಳನ್ನು ಅವರು ಕಾಪಾಡಿದರು. ಹಲೀನಾ ಹೇಳಿಕೊಟ್ಟಿದ್ದಳೋ, ಅವನೇ ಹೇಳಿದ್ದೋ ಗೊತ್ತಿಲ್ಲ. ಆ ಚಪ್ಪಲಿಯನ್ನು ನಾನು ಮತ್ತೆ ಮೆಟ್ಟಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಮೆಟ್ಟಿದೆ. ಬೇರೆ ಇರಲಿಲ್ಲ.

ಹೋಟೆಲು ಮುಚ್ಚಿತು. ಮುಚ್ಚಿದ ಸುದ್ದಿಯ ಜೊತೆ ಕಾರಣವೂ ಕಾವೇರಮ್ಮನ ಮಂಚದವರೆಗೆ ಹೋಯಿತು. ಅವತ್ತು ರಾತ್ರಿಯ ಊಟಕ್ಕೆ ಸೊಸೆ ಚಮಚ ಎತ್ತಿದರೆ ಮುದುಕಿ ಬಾಯಿ ತೆರೆಯಲಿಲ್ಲವಂತೆ. ಬಲವಂತ ಮಾಡಿದರೆ ಉಗುಳಿದರಂತೆ. ಶೇಖರ ತಿನ್ನಿಸಲು ಹೋದರೂ ಅದೇ. ಅವಳು ಬೇಯಿಸಿದ ಅನ್ನ ಬೇಡ, ಅಷ್ಟೆ. ಕೇರಿಯ ಹೆಂಗಸರು ಪಾಳಿಯ ಮೇಲೆ ಗಂಜಿ ಒಯ್ದರು. ಮೂರು ವಾರಕ್ಕೆ ಅವರಿಗೆಲ್ಲ ಸಾಕಾಯಿತು. ಆಗ ಸರೋಜಕ್ಕ ನನ್ನ ಕಡೆ ತಿರುಗಿ, "ನಿಂಗೆ ಈಗ ಫಾಲ್ ಕೆಲಸಾನೂ ಇಲ್ವಲ್ಲ. ನೀನೇ ಹೋಗಿ ತಿನ್ಸು. ಪುಣ್ಯ ಬರತ್ತೆ" ಎಂದಳು.

ಹೋದೆ. ದಿನಾ ಎರಡು ಹೊತ್ತು, ಎರಡು ಕೇರಿ ದಾಟಿ, ಡಬ್ಬಿಯಲ್ಲಿ ಗಂಜಿ ಹಿಡಿದು. ನಾನು ತಲುಪುವಷ್ಟರಲ್ಲಿ ಅದು ಕೆನೆಗಟ್ಟಿ ತಣ್ಣಗಾಗಿರುತ್ತಿತ್ತು. ಒಳಗಿನ ಒಲೆಯ ಮೇಲೆ ಹಲೀನಾ ಮಾಡಿದ ಸಾರು ಬಿಸಿಯಾಗಿ ಕುದಿಯುತ್ತಿರುತ್ತಿತ್ತು. ಅವಳು ಬಾಗಿಲು ತೆರೆದು, ಪಕ್ಕಕ್ಕೆ ಸರಿದು, ಮಂಚದ ಕೋಣೆಯ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ನಾನು ತಿನ್ನಿಸಿ ಎದ್ದ ಮೇಲೆ ಬಂದು ಅತ್ತೆಯ ಬಾಯಿ ಒರೆಸುವಳು, ಮಗ್ಗುಲು ತಿರುಗಿಸುವಳು, ಹಾಸಿಗೆ ಬದಲಿಸುವಳು. ಅದಕ್ಕೆಲ್ಲ ಕಾವೇರಮ್ಮ ಬೇಡ ಎನ್ನುತ್ತಿರಲಿಲ್ಲ.

ಮಾರ್ಗಶಿರದಲ್ಲಿ ನಿಮ್ಮಮ್ಮನ ಮದುವೆಯಾಯಿತು. ಮುಗಿದ ಮರುದಿನ ಗಂಜಿ ಒಯ್ದಾಗ, ಇನ್ನು ಹೆದರುವುದಕ್ಕೆ ಏನಿದೆ ಎನಿಸಿತು. ಚಮಚ ಡಬ್ಬಿಯಲ್ಲೇ ಬಿಟ್ಟು ಹೇಳಿದೆ.

"ಅಮ್ಮ, ಆ ಹೋಟೆಲಲ್ಲಿ ಬೆಣ್ಣೆ ಬಿಟ್ಟು ಬೇರೆ ಕೊಬ್ಬು ಇರ್ಲಿಲ್ಲ. ನಾನೇ ಅಲ್ಲಿ ಅಡುಗೆ ಮಾಡ್ತಿದ್ದೆ. ಸುಳ್ಳು ಹೇಳಿದ್ದೂ ನಾನೇ."

ಮುದುಕಿ ಕಣ್ಣು ಮಿಟುಕಿಸಲಿಲ್ಲ. ಸೊಟ್ಟಗಾಗಿದ್ದ ಬಾಯಿಂದ ನಿಧಾನವಾಗಿ ಹೇಳಿದರು. "ಗೊತ್ತು ಕಣೇ. ಕೈಕಾಲು ಸತ್ತಿದೆ, ಮೂಗು ಸತ್ತಿಲ್ಲ. ಅವಳ ಮೈಯಲ್ಲಿ ಬೆಣ್ಣೆ ವಾಸನೆ ಬಿಟ್ಟು ಬೇರೆ ಯಾವತ್ತೂ ಬಂದಿಲ್ಲ."

"ಮತ್ತೆ ಅವರ ಕೈಯಲ್ಲಿ ಯಾಕೆ..."

"ನಾಳೆ ನಾನು ಸತ್ರೆ ಹೊರೋರು ಯಾರು? ಈ ಕೇರಿಯವ್ರೇ ಬರಬೇಕಲ್ಲ. ಅವಳ ಕೈ ಅನ್ನ ತಿಂದು ಸತ್ತೆ ಅಂದ್ರೆ ಹೆಗಲು ಕೊಡ್ತಾರಾ? ಅವಳು ಹೇಗೂ ಹೋಗೋಳು. ಬಾಯಿ ಮುಚ್ಕೊಂಡು ತಿನ್ಸು."

ತಿರುಗಿ ನೋಡಿದೆ. ಹಲೀನಾ ಹೊಸ್ತಿಲಲ್ಲೇ ಇದ್ದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು ಎಂದು ಆಗಲೇ ಬರೆದಿದ್ದೇನೆ. ಅವಳು ಒಳಗೆ ಹೋದಳು. ಒಲೆಯ ಮೇಲಿದ್ದ ಪಾತ್ರೆಯನ್ನು ಬಚ್ಚಲಿಗೆ ಬಗ್ಗಿಸಿದ ಸದ್ದಾಯಿತು. ಆಮೇಲೆ ಬಂದು ಎಂದಿನ ಹಾಗೆ ಅತ್ತೆಯ ಬಾಯಿ ಒರೆಸಿ ಮಗ್ಗುಲು ತಿರುಗಿಸಿದಳು. ಶಿವರಾತ್ರಿ ಕಳೆದು ಕಾವೇರಮ್ಮ ತೀರಿಕೊಳ್ಳುವವರೆಗೂ ಒಂದು ದಿನ ತಪ್ಪಿಸಲಿಲ್ಲ.

ಕೇರಿಯವರು ಬಂದು ಹೆಗಲು ಕೊಟ್ಟರು. ಮುದುಕಿಯ ಲೆಕ್ಕಾಚಾರ ಸರಿಯಾಗಿತ್ತು. ಹದಿಮೂರನೇ ದಿನದ ಊಟಕ್ಕೆ ಮಾತ್ರ, ಹೊರಗಿನ ಅಡುಗೆಯವರನ್ನು ಕರೆಸಿದ್ದರೂ, ಆ ಮನೆಯಲ್ಲಿ ಯಾರೂ ಎಲೆಯ ಮುಂದೆ ಕೂರಲಿಲ್ಲ. ನಾನೂ ಹೋಗಲಿಲ್ಲ.

ಅಷ್ಟರಲ್ಲಿ ದುರ್ಗಿಗುಡಿಯ ಆ ಜಾಗವನ್ನು ನಿಮ್ಮ ತಾತನ ಪರಿಚಯದವರೊಬ್ಬರು ಹಿಡಿದು ಹೋಟೆಲು ತೆರೆದಿದ್ದರು. ಅದೇ ಆರು ಮೇಜು, ಅದೇ ಒಲೆ. ಅಡುಗೆಗೆ ನಂಬಿಕೆಯ ಹೆಂಗಸು ಬೇಕು ಎಂದಾಗ ನಿಮ್ಮ ತಾತ, "ನಮ್ಮ ಬೀಗಿತ್ತಿ ಇದಾರೆ. ಬಹಳ ಮಡಿ. ಅನುಮಾನ ಬಂದ ಕಡೆ ನೀರೂ ಕುಡಿಯೋರಲ್ಲ" ಎಂದರಂತೆ. ನಾನು ಹೋಟೆಲಿನಲ್ಲಿ ಅಡುಗೆಗಿದ್ದೆ ಎಂದು ನಿಮಗೆ ಗೊತ್ತಿರುವುದು ಅದೇ ಹೋಟೆಲು. ಏನಾದರೂ ವಿಶೇಷ ತಿಂಡಿ ಬೇಕು ಎಂದು ಯಜಮಾನರು ಕೇಳಿದಾಗ, ನನ್ನ ಕೈಗೆ ಬರುವುದನ್ನು ಮಾಡಿದೆ. ಒಡೆದ ಹಾಲು, ಆಲೂಗಡ್ಡೆ, ಜಡೆಯ ಅಂಚು, ಬೆಣ್ಣೆಯಲ್ಲಿ ಹುರಿದ ಈರುಳ್ಳಿ. 'ಬೆಣ್ಣೆ ಕಡುಬು' ಎಂದು ಹೆಸರಿಟ್ಟರು. ಭಾನುವಾರ ನಿಲ್ಲಲು ಜಾಗವಿರುತ್ತಿರಲಿಲ್ಲ. ನಿಮ್ಮ ತಾತ ಕುಳಿತರೆ ಎರಡು ಪ್ಲೇಟು ತಿನ್ನುತ್ತಿದ್ದರು.

ಯುಗಾದಿಯ ಹಿಂದಿನ ಭಾನುವಾರ, ಮಧ್ಯಾಹ್ನ, ಹೋಟೆಲು ತುಂಬಿತ್ತು. ಬಡಿಸುವ ಕಿಟಕಿಯಿಂದ ಕಂಡೆ, ಹಲೀನಾ ಮೂಲೆಯ ಮೇಜಿನಲ್ಲಿ ಒಬ್ಬಳೇ ಕುಳಿತಿದ್ದಳು. ಬಾಗಿಲ ಹೊರಗೆ ಆಟೋದಲ್ಲಿ ಶೇಖರ, ಅವನ ಕಾಲ ಬಳಿ ಸೂಟ್‌ಕೇಸುಗಳು. ಜನ ಒಬ್ಬರಿಗೊಬ್ಬರು ಕಣ್ಣು ಮಾಡಿ ತೋರಿಸುತ್ತಿದ್ದರು. ಅವಳು ಕಡುಬು ತರಿಸಿದ್ದಳು. ಅಂಚಿನ ಜಡೆಯನ್ನು ಬೆರಳಲ್ಲಿ ಮುಟ್ಟಿ ನೋಡಿ, ಒಂದೊಂದಾಗಿ ಎಲ್ಲವನ್ನೂ ತಿಂದಳು. ಆಮೇಲೆ ಬಡಿಸುವ ನಂಜಪ್ಪನನ್ನು ಕರೆದಳು.

"ಇದಕ್ಕೆ ಯಾವ ಕೊಬ್ಬು ಹಾಕ್ತಿ ನೀನು?"

ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿ ತಿರುಗಿದರು.

"ಕೊಬ್ಬಾ? ರಾಮ ರಾಮ! ಬೆಣ್ಣೆ ಮೇಡಂ. ಇದು ನಿಮ್ಮ ಹಳೇ ಹೋಟೆಲ್ ಅಲ್ಲ."

ಯಾರೋ ಕಿಸಕ್ಕೆಂದರು.

"ನಂಗೆ ನಂಬಿಕೆ ಇಲ್ಲ. ಮಾಡಿದವಳನ್ನ ಕರಿ. ಅವಳು ಹೇಳಲಿ."

"ಬನ್ನಿ ನಾಗವೇಣಮ್ಮ, ಹೇಳಿ ಇವರಿಗೆ" ಎಂದು ಯಜಮಾನರು ಗಲ್ಲಾದಿಂದ ಕೂಗಿದರು. ನಾನು ಹೊರಗೆ ಬಂದು ಅವಳ ಮೇಜಿನ ಮುಂದೆ ನಿಂತೆ. ಕೈಯಲ್ಲಿ ಹಿಟ್ಟಿತ್ತು. ಮುಚ್ಚಿಕೊಳ್ಳಲಿಲ್ಲ.

"ಬೆಣ್ಣೆ" ಎಂದೆ. "ಬರೀ ಬೆಣ್ಣೆ."

ಹಲೀನಾ ನನ್ನ ಮುಖವನ್ನೇ ನೋಡಿದಳು. ನನ್ನ ಮಾತನ್ನು ಇಡೀ ಹೋಟೆಲು ನಂಬಿತು. ಎರಡು ಮೇಜಿನಾಚೆ ನಿಮ್ಮ ತಾತ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು.

"ಎಷ್ಟು ಸುಲಭ, ಅಲ್ವಾ ವೇಣಿ?" ಎಂದಳು ಅವಳು.

ಎದ್ದು ಕೈ ತೊಳೆದುಕೊಂಡು ಆಟೋ ಹತ್ತಿದಳು. ನಂಜಪ್ಪ ಅವಳ ತಟ್ಟೆ ಎತ್ತುತ್ತ, ಇನ್ನೂ ನಾಲ್ಕು ಪ್ಲೇಟ್ ಕಡುಬು ಎಂದು ಕೂಗಿದ. ನಾನು ಒಳಗೆ ಹೋಗಿ ಬೆಣ್ಣೆ ಕಾಯಲು ಇಟ್ಟೆ.